ಜಾಡಿಯೊಳಗೊಂದು ಮೋಡ: ಆಕಾಶದಲ್ಲಿ ಐಸ್ ತಟ್ಟೆ ಎಲ್ಲಿದೆ?

ಪ್ರಶ್ನೆ: ನಾನು ಏಳನೇ ತರಗತಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಗಾಜಿನ ಜಾಡಿಗೆ ಬಿಸಿನೀರು ಹಾಕಿ, ಬಾಯಿಯ ಮೇಲೆ ಐಸ್ ತುಂಬಿದ ತಟ್ಟೆ ಇಟ್ಟು ಮೋಡ ತೋರಿಸುವ ಪ್ರಯೋಗ ಮಾಡಿದೆ. ಗಾಜಿಗೆಲ್ಲ ನೀರಹನಿ ಕೂತಿತು, ಮೋಡ ಮಾತ್ರ ಕಾಣಲಿಲ್ಲ. ಆರಿಸಿದ ಬೆಂಕಿಕಡ್ಡಿಯ ಹೊಗೆ ಬಿಟ್ಟಾಗ ಒಳಗೆ ಏನೋ ಬೆಳ್ಳಗೆ ಸುಳಿದಾಡಿತು. "ಅದು ಮೋಡ ಅಲ್ಲ, ಹೊಗೆ" ಅಂದ ಒಬ್ಬ ಹುಡುಗ. "ಆಕಾಶದಲ್ಲಿ ಐಸ್ ತಟ್ಟೆ ಎಲ್ಲಿದೆ?" ಅಂತ ಒಬ್ಬ ಹುಡುಗಿ ಕೇಳಿದಳು. ಇಬ್ಬರಿಗೂ ಏನು ಹೇಳಲಿ? ಪ್ರಯೋಗವನ್ನು ಸರಿಯಾಗಿ ಮಾಡುವುದು ಹೇಗೆ?

ಉತ್ತರ: ನಿಮ್ಮ ಇಬ್ಬರು ಮಕ್ಕಳೂ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಜಾಡಿಯ ಪ್ರಯೋಗ ನೋಡಲು ಚೆಂದ, ಆದರೆ ಅದು ಮೋಡದ ಕತೆಯನ್ನು ಅರ್ಧ ಮಾತ್ರ ಹೇಳುತ್ತದೆ. ಆವಿ ತಣ್ಣಗಾದರೆ ಹನಿಯಾಗುತ್ತದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಆದರೆ ಆಕಾಶದ ಗಾಳಿಯನ್ನು ತಣ್ಣಗೆ ಮಾಡುವುದು ಯಾವುದು? ಅದಕ್ಕೆ ಜಾಡಿ ಉತ್ತರ ಕೊಡುವುದಿಲ್ಲ. ಐಸ್ ತಟ್ಟೆಯನ್ನು ತೋರಿಸಿ ಸುಮ್ಮನಾಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ. ಜಾಡಿಯ ಪ್ರಯೋಗ ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅದೇ ತರಗತಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಪ್ರಯೋಗವನ್ನೂ ಮಾಡಿ. ಹುಡುಗನ ಆಕ್ಷೇಪಕ್ಕೂ ಹುಡುಗಿಯ ಪ್ರಶ್ನೆಗೂ ಬಾಟಲಿಯಲ್ಲೇ ಉತ್ತರ ಸಿಗುತ್ತದೆ.

ಮೊದಲು ನಿಮ್ಮ ಜಾಡಿಯಲ್ಲಿ ಮೋಡ ಯಾಕೆ ಕಾಣಲಿಲ್ಲ ಅಂತ ನೋಡೋಣ. ಆವಿಗೆ ಹನಿಯಾಗಲು ಯಾವುದಾದರೂ ಮೇಲ್ಮೈ ಬೇಕು. ತಣ್ಣನೆಯ ಗಾಜಿನ ಗೋಡೆ ಹತ್ತಿರದಲ್ಲೇ ಇದ್ದರೆ ಆವಿ ಅಲ್ಲಿಗೇ ಹೋಗಿ ಕೂರುತ್ತದೆ. ಜಾಡಿಯ ನಡುವೆ ಮೋಡವಾಗಲು ಮಿಗುವುದು ಕಡಿಮೆ. ಮಿಕ್ಕಿದ್ದೂ ಮಬ್ಬುಗಟ್ಟಿದ ಗಾಜಿನ ಹಿಂದೆ ಮರೆಯಾಗುತ್ತದೆ. ಅದಕ್ಕೇ ಬಿಸಿನೀರು ಹಾಕಿದ ಮೇಲೆ ಜಾಡಿಯನ್ನು ಮೆಲ್ಲಗೆ ತಿರುಗಿಸಿ, ನೀರು ಒಳಗೋಡೆಗೆಲ್ಲ ತಾಗುವ ಹಾಗೆ ಮಾಡಿ. ಗಾಜು ಬೆಚ್ಚಗಾದರೆ ಅದರ ಮೇಲೆ ಅಷ್ಟು ಬೇಗ ಹನಿ ಕಟ್ಟುವುದಿಲ್ಲ. ನೀರು ಎರಡು ಮೂರು ಸೆಂಟಿಮೀಟರ್ ಎತ್ತರಕ್ಕಿದ್ದರೆ ಸಾಕು. ಕುದಿಯುವ ನೀರು ಬೇಡ. 60ರಿಂದ 70 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೆಲಸ ಆಗುತ್ತದೆ, ಗಾಜು ಸೀಳುವ ಭಯವೂ ಕಡಿಮೆ. ತಟ್ಟೆ ಪಿಂಗಾಣಿಯದಾದರೆ ತಣ್ಣಗಾಗಲು ತಡ ಮಾಡುತ್ತದೆ. ಸ್ಟೀಲಿನದೇ ಇರಲಿ. ಐಸ್ ತುಂಬಿ ಮೊದಲೇ ಸ್ವಲ್ಪ ಹೊತ್ತು ಇಟ್ಟು, ತಟ್ಟೆಯ ತಳವನ್ನು ಒರೆಸಿಕೊಂಡು ಆಮೇಲೆ ಜಾಡಿಯ ಮೇಲಿಡಿ.

ಬೆಳಕಿನ ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ. ಜಾಡಿಯ ಹಿಂದೆ ಕಪ್ಪು ಕಾಗದ ಇಡಿ, ಕೋಣೆಯ ಬೆಳಕು ಕಡಿಮೆ ಮಾಡಿ, ಪಕ್ಕದಿಂದ ಟಾರ್ಚ್ ಬಿಡಿ. ಟಾರ್ಚನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬೆಳಕು ಓರೆಯಾಗಿ ಮಕ್ಕಳ ಕಡೆಗೆ ಬರುವ ಹಾಗೆ ಹಿಡಿದರೆ ಇನ್ನೂ ಒಳ್ಳೆಯದು. ಸಣ್ಣ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದರಿಸುತ್ತವೆ. ಬಿಳಿ ಗೋಡೆಯ ಮುಂದೆ ಬಿಳಿ ಮೋಡ ಹುಡುಕುತ್ತಾ ಕೂತರೆ ಯಾರಿಗೂ ಏನೂ ಕಾಣುವುದಿಲ್ಲ, ಅಲ್ವಾ?

ಹೊಗೆ ತುಂಬಾ ಕಡಿಮೆ ಸಾಕು. ಬೆಂಕಿಕಡ್ಡಿ ಗೀರಿ, ಆರಿಸಿ, ಜಾಡಿಯ ಬಾಯಲ್ಲಿ ಒಂದೆರಡು ಸೆಕೆಂಡ್ ಹಿಡಿದು, ಕೂಡಲೇ ತಟ್ಟೆ ಮುಚ್ಚಿ. ಜಾಡಿ ತುಂಬಾ ಹೊಗೆ ತುಂಬಿದರೆ ಆ ಹುಡುಗ ಹೇಳಿದ್ದೇ ನಿಜವಾಗಿಬಿಡುತ್ತದೆ. ಹೊಗೆಯ ಬದಲು ಹೇರ್ ಸ್ಪ್ರೇ ಹೊಡೆಯಿರಿ ಅಂತ ಕೆಲವು ಕಡೆ ಬರೆದಿರುತ್ತಾರೆ. ನನಗೆ ಅದು ಇಷ್ಟವಿಲ್ಲ. ಸ್ಪ್ರೇಯೇ ಸಣ್ಣ ಹನಿಗಳ ಮಂಜು. ಕಂಡದ್ದು ಮೋಡವೋ ಸ್ಪ್ರೇಯೋ ಅಂತ ಹೇಳುವುದು ಹೇಗೆ? ಸಾಲದ್ದಕ್ಕೆ ಅದು ಬೇಗ ಹೊತ್ತಿಕೊಳ್ಳುವ ವಸ್ತು.

ಈಗ ಜಾಡಿಯೊಳಗೆ ನಡೆಯುವುದೇನು ಅಂತ ಸ್ವಲ್ಪ ಲೆಕ್ಕ ಹಾಕೋಣ. ಒಂದು ಘನ ಮೀಟರ್ ಜಾಗದಲ್ಲಿ ಎಷ್ಟು ನೀರಾವಿ ಇರಬಹುದು ಅನ್ನುವುದು ಉಷ್ಣತೆಯ ಮೇಲೆ ನಿಂತಿದೆ. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ. 20 ಡಿಗ್ರಿಯಲ್ಲಿ 17 ಗ್ರಾಂ. 30 ಡಿಗ್ರಿಯಲ್ಲಿ 30 ಗ್ರಾಂ. 50 ಡಿಗ್ರಿಗೆ ಹೋದರೆ 83 ಗ್ರಾಂ. ಉಷ್ಣತೆ ಏರಿದ ಹಾಗೆ ಈ ಅಂಕಿ ಸಮನಾಗಿ ಏರುವುದಿಲ್ಲ, ಏರುತ್ತಾ ಏರುತ್ತಾ ಜಿಗಿಯುತ್ತದೆ. ಜಾಡಿಯ ಮೋಡದ ಗುಟ್ಟು ಈ ಜಿಗಿತದಲ್ಲೇ ಇದೆ.

ನೀರಿನ ಮೇಲಿರುವ ಗಾಳಿ 50 ಡಿಗ್ರಿಯದು, ಆವಿಯಿಂದ ತುಂಬಿದೆ ಅಂತ ಇಟ್ಟುಕೊಳ್ಳಿ. ತಟ್ಟೆಯ ಕೆಳಗಿನದು 10 ಡಿಗ್ರಿಯದು. ಎರಡೂ ಸಮ ಪಾಲಿನಲ್ಲಿ ಬೆರೆತರೆ ಉಷ್ಣತೆ 30ರ ಹತ್ತಿರ ಬರುತ್ತದೆ. ಆದರೆ ಆವಿ? 83 ಮತ್ತು 9ರ ಸರಾಸರಿ 46 ಗ್ರಾಂ. 30 ಡಿಗ್ರಿಯಲ್ಲಿ ಇರಲು ಸಾಧ್ಯವಿರುವುದು 30 ಗ್ರಾಂ ಮಾತ್ರ. ಮಿಕ್ಕಿದ್ದಕ್ಕೆ ಆವಿಯಾಗಿ ಉಳಿಯಲು ಆಗುವುದಿಲ್ಲ, ಹನಿಯಾಗಲೇಬೇಕು. ಹನಿಯಾಗುವಾಗ ಶಾಖ ಹೊರಬಂದು ಗಾಳಿ ಸ್ವಲ್ಪ ಬಿಸಿಯಾಗುತ್ತದೆ. ಹಾಗಾಗಿ ಆ 16 ಗ್ರಾಮೂ ಪೂರ್ತಿ ನೀರಾಗುವುದಿಲ್ಲ. ಆದರೂ ಮೋಡ ಕಾಣಲು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಚಳಿಯ ಬೆಳಗ್ಗೆ ಬಾಯಿಂದ ಹೊರಡುವ ಬಿಳಿ ಉಸಿರೂ ಇದೇ ಜಾತಿಯದು. ಬಿಸಿ ಒದ್ದೆ ಗಾಳಿ ತಣ್ಣನೆಯ ಗಾಳಿಯ ಜೊತೆ ಬೆರೆತು ಹುಟ್ಟುವ ಮಂಜು ಅದು.

ಇಲ್ಲಿ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಕಣ್ಣಿಗೆ ಬೆಳ್ಳಗೆ ಕಾಣುವುದು ಆವಿಯಲ್ಲ. ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಬಿಳಿಯಾಗಿ ಕಂಡಿತು ಅಂದರೆ ಅದಾಗಲೇ ನೀರಾಗಿದೆ ಅಂತ ಅರ್ಥ. ಕುದಿಯುವ ಕೆಟಲಿನ ಮೂತಿಯ ಪಕ್ಕದಲ್ಲೇ ಒಂದಿಷ್ಟು ಜಾಗ ಏನೂ ಇಲ್ಲದಂತೆ ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲಿ. ಕೈ ಮಾತ್ರ ಹತ್ತಿರ ಒಯ್ಯಬೇಡಿ.

ಇನ್ನು ಹುಡುಗನ ಆಕ್ಷೇಪ. ಹೊಗೆ ಯಾಕೆ ಬೇಕು? ಇದೇ ಪ್ರಶ್ನೆ 19ನೇ ಶತಮಾನದ ವಿಜ್ಞಾನಿಗಳಿಗೂ ಇತ್ತು. 1875ರಲ್ಲಿ ಫ್ರಾನ್ಸಿನ ಪಾಲ್ ಝಾನ್ ಕೂಲಿಯೆ, ಅದಾಗಿ ಕೆಲವೇ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕೆನ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ ಇದರ ಹಿಂದೆ ಬಿದ್ದರು. ಏಟ್ಕೆನ್ ಎರಡು ಗಾಜಿನ ಪಾತ್ರೆ ತೆಗೆದುಕೊಂಡರು. ಒಂದರಲ್ಲಿ ಮಾಮೂಲಿ ಗಾಳಿ. ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟರು. ಮೊದಲನೆಯದರಲ್ಲಿ ದಟ್ಟ ಮಂಜು ಕಟ್ಟಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ನೀರಾವಿ ಎರಡರಲ್ಲೂ ಇತ್ತು. ಇಲ್ಲದ್ದು ಧೂಳು ಮಾತ್ರ.

ಕಾರಣ ಹೀಗಿದೆ. ಕೆಲವೇ ಅಣುಗಳು ಸೇರಿ ಆದ ಪುಟಾಣಿ ಹನಿಗೆ ಬಾಳಿಕೆ ಇಲ್ಲ. ಅದರ ಮೇಲ್ಮೈ ತುಂಬಾ ಬಾಗಿರುತ್ತದೆ. ಅಲ್ಲಿರುವ ಅಣುವನ್ನು ಹಿಡಿದಿಟ್ಟುಕೊಳ್ಳಲು ಅಕ್ಕಪಕ್ಕದ ಅಣುಗಳು ಸಾಲುವುದಿಲ್ಲ. ಸೇರಿದ ವೇಗದಲ್ಲೇ ಚದುರಿ ಹೋಗುತ್ತವೆ. ಪೂರ್ತಿ ಶುದ್ಧವಾದ ಗಾಳಿಯಲ್ಲಿ ಹನಿ ತಾನಾಗಿ ಹುಟ್ಟಬೇಕಾದರೆ, ಇರಬಹುದಾದ ಆವಿಯ ಹಲವು ಪಟ್ಟು ಆವಿ ಬೇಕಾಗುತ್ತದೆ. ಆಕಾಶದಲ್ಲಿ ಹಾಗೆ ಆಗುವುದಿಲ್ಲ. ಮೋಡದೊಳಗೆ ಕೂಡ ಆವಿಯ ಹೆಚ್ಚಳ ಸಾಮಾನ್ಯವಾಗಿ 1 ಶೇಕಡ ದಾಟುವುದಿಲ್ಲ. ಆದರೆ ಒಂದು ಉಪ್ಪಿನ ಕಣವೋ ಹೊಗೆಯ ಕಣವೋ ಸಿಕ್ಕಿದರೆ ಆವಿಗೆ ಕೂರಲು ದೊಡ್ಡ ಜಾಗ ಮೊದಲೇ ಸಿದ್ಧವಾಗಿರುತ್ತದೆ. ಅಷ್ಟು ಚಿಕ್ಕ ಹೆಚ್ಚಳವೇ ಸಾಕಾಗುತ್ತದೆ. ಇವಕ್ಕೆ ಸಾಂದ್ರೀಕರಣದ ಬೀಜಕಣಗಳು ಅನ್ನುತ್ತಾರೆ. ಸಮುದ್ರದ ಅಲೆ ಒಡೆದಾಗ ಹಾರುವ ಉಪ್ಪು, ಮಣ್ಣಿನ ಧೂಳು, ಕಾಡ್ಗಿಚ್ಚಿನ ಹೊಗೆ, ಗಂಧಕದ ಅನಿಲಗಳಿಂದ ಆಗುವ ಸಲ್ಫೇಟ್ ಕಣಗಳು, ಎಲ್ಲವೂ ಈ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಇವು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಕಡಿಮೆ.

ಆದರೆ ಇಷ್ಟೆಲ್ಲ ಹೇಳಿದರೂ ಹುಡುಗ ಒಪ್ಪಬೇಕಾಗಿಲ್ಲ. ಅವನು ಕೇಳುತ್ತಿರುವುದು ಕಣ್ಣಿಗೆ ಕಾಣುವ ಪುರಾವೆ. ಬಾಟಲಿ ತೆಗೆದುಕೊಳ್ಳಿ.

ಬಣ್ಣವಿಲ್ಲದ, ಒತ್ತಿದರೆ ಒಳಸರಿಯುವ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಒಂದೆರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಚೆನ್ನಾಗಿ ಕುಲುಕಿ. ಕೆಲವು ನಿಮಿಷ ಬಿಟ್ಟು ಬಾಟಲಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದು ಫಕ್ಕನೆ ಬಿಡಿ. ಏನೂ ಕಾಣುವುದಿಲ್ಲ, ಅಥವಾ ತೀರಾ ತೆಳುವಾಗಿ ಮಸುಕು ಕಾಣುತ್ತದೆ. ಈಗ ಮುಚ್ಚಳ ತೆಗೆದು ಬಾಟಲಿಯನ್ನು ಸ್ವಲ್ಪ ಒತ್ತಿ ಹಿಡಿಯಿರಿ. ಆರಿಸಿದ ಬೆಂಕಿಕಡ್ಡಿಯನ್ನು ಬಾಯಿಯ ಹತ್ತಿರ ತಂದು ಕೈ ಸಡಿಲ ಮಾಡಿ. ಹೊಗೆ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳ ಹಾಕಿ. ಮತ್ತೆ ಗಟ್ಟಿಯಾಗಿ ಒತ್ತಿ, ನಾಲ್ಕೈದು ಸೆಕೆಂಡ್ ಹಾಗೇ ಹಿಡಿದು, ಫಕ್ಕನೆ ಬಿಡಿ. ಬಾಟಲಿ ಒಳಗೆಲ್ಲ ಬೆಳ್ಳಗಾಗುತ್ತದೆ. ಮತ್ತೆ ಒತ್ತಿ. ತಿಳಿಯಾಗುತ್ತದೆ. ಬಿಡಿ. ಮತ್ತೆ ಬಿಳಿ.

ಹುಡುಗನ ಕೈಗೇ ಬಾಟಲಿ ಕೊಡಿ. ಹೊಗೆ ಅಷ್ಟೇ ಆಗಿದ್ದರೆ ಒತ್ತಿದಾಗ ಅದು ಎಲ್ಲಿಗೆ ಹೋಯಿತು ಅಂತ ಕೇಳಿ. ಹೊಗೆಯ ಕಣ ಒತ್ತಡಕ್ಕೆ ಮಾಯವಾಗುವುದಿಲ್ಲ. ಹನಿ ಮಾತ್ರ ಆವಿಯಾಗಿ ಮಾಯವಾಗುತ್ತದೆ, ಮತ್ತೆ ಹನಿಯಾಗಿ ಬರುತ್ತದೆ. ಇನ್ನೂ ಅನುಮಾನ ಇದ್ದರೆ ಒಣಗಿದ ಬಾಟಲಿಗೆ ಬರೀ ಹೊಗೆ ಹಾಕಿ ಅದೇ ಆಟ ಆಡಿಸಿ. ಬರುವುದು ಹೋಗುವುದು ಏನೂ ಇರುವುದಿಲ್ಲ. ಗಾಳಿಯಲ್ಲೇ ತೇವ ಜಾಸ್ತಿ ಇರುವ ದಿನ ಮಾತ್ರ ಒಣ ಬಾಟಲಿಯಲ್ಲೂ ಸ್ವಲ್ಪ ಮಬ್ಬು ಬರಬಹುದು. ಹೀಗೆ ನೀರು ಮಾತ್ರ, ಹೊಗೆ ಮಾತ್ರ, ಎರಡೂ, ಅಂತ ಮೂರು ಬಾಟಲಿ ಪಕ್ಕಪಕ್ಕ ಇಟ್ಟರೆ ಒಂದು ಒಳ್ಳೆಯ ವೈಜ್ಞಾನಿಕ ಪರೀಕ್ಷೆ ಹೇಗಿರುತ್ತದೆ ಅನ್ನುವ ಪಾಠವೂ ಅದರಲ್ಲೇ ಆಗಿಹೋಗುತ್ತದೆ.

ಒತ್ತಿ ಹಿಡಿದು ಕಾಯುವ ನಾಲ್ಕೈದು ಸೆಕೆಂಡ್ ಬಹಳ ಮುಖ್ಯ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಗಾಳಿ ಹೊಡೆದ ಮೇಲೆ ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆ ಇದು ಗೊತ್ತು, ಅಲ್ಲಿ ತಿಕ್ಕಾಟದ ಬಿಸಿಯೂ ಸ್ವಲ್ಪ ಸೇರಿರುತ್ತದೆ ಅನ್ನಿ. ಒತ್ತಿ ತಕ್ಷಣ ಬಿಟ್ಟರೆ ಗಾಳಿ ಹೊರಟ ಉಷ್ಣತೆಗೇ ವಾಪಸ್ ಬರುತ್ತದೆ, ಲಾಭವಿಲ್ಲ. ಸ್ವಲ್ಪ ಕಾದರೆ ಹೆಚ್ಚುವರಿ ಶಾಖ ಬಾಟಲಿಯ ಗೋಡೆಗೆ ಹೋಗುತ್ತದೆ. ಆಮೇಲೆ ಬಿಟ್ಟಾಗ ಗಾಳಿ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಯುತ್ತದೆ. "ನಮಗೆ ಮೋಡ ಬರಲೇ ಇಲ್ಲ" ಅನ್ನುವವರಲ್ಲಿ ಬಹಳ ಮಂದಿ ಅವಸರ ಮಾಡಿರುತ್ತಾರೆ. ಒಳಗಿನ ಒತ್ತಡ 5 ಶೇಕಡದಷ್ಟು ಫಕ್ಕನೆ ಇಳಿದರೂ ಲೆಕ್ಕದ ಪ್ರಕಾರ ಒಣ ಗಾಳಿ ಸುಮಾರು 4 ಡಿಗ್ರಿ ತಣ್ಣಗಾಗಬೇಕು. ಹನಿಯಾಗುವಾಗ ಶಾಖ ಹೊರಬರುವುದರಿಂದ ನಿಮ್ಮ ಬಾಟಲಿಯಲ್ಲಿ ಇದಕ್ಕಿಂತ ಕಡಿಮೆ ಇಳಿಯುತ್ತದೆ. ಮೋಡಕ್ಕೆ ಅಷ್ಟು ಸಾಕು. ಪಂಪಿನಿಂದ ಗಾಳಿ ತುಂಬಿ ಮುಚ್ಚಳ ಹಾರಿಸುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಮೋಡ ಇನ್ನೂ ದಟ್ಟವಾಗಿರುತ್ತದೆ. ಗಾಜಿನ ಬಾಟಲಿಯಲ್ಲಿ ಅದನ್ನು ಯಾವತ್ತೂ ಮಾಡಬೇಡಿ, ಪ್ಲಾಸ್ಟಿಕ್ಕಿನಲ್ಲೂ ಮುಚ್ಚಳ ಹಾರುವ ದಿಕ್ಕಿನಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ಈಗ ಆಕಾಶದ ಐಸ್ ತಟ್ಟೆಗೆ ಬರೋಣ. ಅಂಥದ್ದು ಇಲ್ಲ, ಬೇಕಾಗಿಯೂ ಇಲ್ಲ. ಬಾಟಲಿಯಲ್ಲಿ ಐಸ್ ಎಲ್ಲಿತ್ತು? ಗಾಳಿ ಹಿಗ್ಗಿದ್ದಷ್ಟೇ. ಹಿಗ್ಗುವಾಗ ಗಾಳಿ ಸುತ್ತಲಿನದನ್ನು ಹೊರಕ್ಕೆ ತಳ್ಳಬೇಕು. ಆ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತನ್ನ ಶಾಖದಿಂದಲೇ ಕೊಡುತ್ತದೆ, ಹಾಗಾಗಿ ತಣ್ಣಗಾಗುತ್ತದೆ. ಆಕಾಶದಲ್ಲಿ ಬಾಟಲಿ ಒತ್ತುವ ಕೈ ಯಾವುದು? ಮೇಲಿನ ಗಾಳಿಯ ಭಾರ. ಎತ್ತರಕ್ಕೆ ಹೋದಂತೆ ಮೇಲಿರುವ ಗಾಳಿ ಕಡಿಮೆಯಾಗುತ್ತಾ, ಒತ್ತಡವೂ ಇಳಿಯುತ್ತದೆ. ಸುಮಾರು ಐದೂವರೆ ಕಿಲೋಮೀಟರ್ ಮೇಲೆ ಅದು ಸಮುದ್ರ ಮಟ್ಟದ ಅರ್ಧ. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಬೀಸುವ ಗಾಳಿಯನ್ನು ಬೆಟ್ಟ ಮೇಲಕ್ಕೆ ತಳ್ಳುತ್ತದೆ. ತಣ್ಣನೆಯ ಭಾರದ ಗಾಳಿಯ ಮೇಲೆ ಬೆಚ್ಚನೆಯದು ಹತ್ತಿ ಹೋಗುತ್ತದೆ. ಹೇಗೇ ಏರಲಿ, ಏರಿದ ಗಾಳಿ ಹಿಗ್ಗುತ್ತದೆ. ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ. ಒಂದು ಎತ್ತರದಲ್ಲಿ ಒಳಗಿನ ಆವಿ ಆವಿಯಾಗಿ ಉಳಿಯಲಾರದ ಉಷ್ಣತೆ ಬರುತ್ತದೆ. ಮೋಡದ ತಳ ಅಲ್ಲಿಂದ ಶುರು. ಬಿಸಿಲಿನ ಮಧ್ಯಾಹ್ನ ಹತ್ತಿಯಂಥ ಮೋಡಗಳ ತಳವೆಲ್ಲ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಕಾಣುವುದು ಇದಕ್ಕೇ. ಅಲ್ಲಿಂದ ಮೇಲೆ ಹನಿಯಾಗುವಾಗ ಬಿಡುಗಡೆಯಾಗುವ ಶಾಖ ಗಾಳಿ ತಣ್ಣಗಾಗುವುದನ್ನು ನಿಧಾನಿಸುತ್ತದೆ. ಸುತ್ತಲಿನ ಗಾಳಿಗಿಂತ ಬೆಚ್ಚಗೇ ಉಳಿದ ಮೋಡ ಇನ್ನೂ ಎತ್ತರಕ್ಕೆ ಬೆಳೆಯುತ್ತದೆ.

ಈ ಬಾಟಲಿಯ ಆಟಕ್ಕೆ ದೊಡ್ಡ ಮನೆತನವೇ ಇದೆ. 1894ರಲ್ಲಿ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯಲ್ಲಿದ್ದ ಹವಾಮಾನ ಕೇಂದ್ರದಲ್ಲಿ ಕೆಲವು ವಾರ ಇದ್ದರು. ಮೋಡದ ಮೇಲೆ ಸೂರ್ಯನ ಬೆಳಕು ಕಟ್ಟುವ ಬಣ್ಣದ ಬಳೆಗಳು ಅವರನ್ನು ಹಿಡಿದವು. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಲು ಒದ್ದೆ ಗಾಳಿಯನ್ನು ಫಕ್ಕನೆ ಹಿಗ್ಗಿಸತೊಡಗಿದರು. ಧೂಳೇ ಇಲ್ಲದ ಗಾಳಿಯನ್ನೂ ಸಾಕಷ್ಟು ಹಿಗ್ಗಿಸಿದರೆ ಹನಿ ಬರುತ್ತದೆ, ವಿದ್ಯುದಾವೇಶ ಇರುವ ಅಯಾನುಗಳ ಮೇಲೂ ಆವಿ ಕೂರುತ್ತದೆ ಅಂತ ಕಂಡುಕೊಂಡರು. 1911ರ ಹೊತ್ತಿಗೆ ಪರಮಾಣುವಿಗಿಂತ ಚಿಕ್ಕ ಕಣಗಳು ಹಾದುಹೋದ ದಾರಿಯನ್ನೇ ಹನಿಗಳ ಗೆರೆಯಾಗಿ ತೋರಿಸುವ ಕ್ಲೌಡ್ ಚೇಂಬರ್ ತಯಾರಾಗಿತ್ತು. ಅದಕ್ಕೆ 1927ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಒಂದು ಎಚ್ಚರಿಕೆ. ಜಾಡಿಯ ಪ್ರಯೋಗದ ಕೊನೆಗೆ ತಟ್ಟೆಯ ತಳದಿಂದ ನೀರು ತೊಟ್ಟಿಕ್ಕುತ್ತದೆ. "ನೋಡಿ, ಮಳೆ!" ಅಂತ ಹೇಳಿಬಿಡುವ ಆಸೆ ಆಗುತ್ತದೆ. ದಯವಿಟ್ಟು ಹೇಳಬೇಡಿ. ಅದು ಲೋಹದ ಮೇಲೆ ಕೂಡಿಕೊಂಡ ನೀರು. ಮೋಡದ ಹನಿ ಸುಮಾರು 20 ಮೈಕ್ರಾನ್ ಅಗಲ. ಮಳೆಹನಿ 2 ಮಿಲಿಮೀಟರ್ ಅಂದುಕೊಂಡರೆ ಅಗಲದಲ್ಲಿ 100 ಪಟ್ಟು, ನೀರಿನ ಲೆಕ್ಕದಲ್ಲಿ 10 ಲಕ್ಷ ಪಟ್ಟು. ಅಂದರೆ 10 ಲಕ್ಷ ಮೋಡದ ಹನಿ ಸೇರಿದರೆ ಒಂದು ಮಳೆಹನಿ. ಇದು ಹನಿಗಳು ಡಿಕ್ಕಿ ಹೊಡೆದು ಸೇರುವುದರಿಂದ, ಇಲ್ಲವೇ ಮೋಡದೊಳಗಿನ ಹಿಮದ ಹರಳು ಬೆಳೆಯುವುದರಿಂದ ಆಗುತ್ತದೆ. ಬರೀ ಸಾಂದ್ರೀಕರಣದಿಂದ ಅಷ್ಟು ಬೇಗ ಆಗುವುದಿಲ್ಲ. ಮೋಡ ಯಾಕೆ ಬೀಳುವುದಿಲ್ಲ ಅಂತ ಯಾರಾದರೂ ಕೇಳಿದರೆ ಇದೇ ಅಳತೆ ನೆನಪಿಸಿ. 20 ಮೈಕ್ರಾನಿನ ಹನಿ ನಿಂತ ಗಾಳಿಯಲ್ಲಿ ಸೆಕೆಂಡಿಗೆ 1 ಸೆಂಟಿಮೀಟರಿನ ಆಸುಪಾಸು ಇಳಿಯುತ್ತದೆ. ಏರುವ ಗಾಳಿ ಅದಕ್ಕಿಂತ ಎಷ್ಟೋ ಜೋರಾಗಿರುತ್ತದೆ.

ಸಮಯ ಉಳಿದರೆ ಇನ್ನೊಂದು ಮಾಡಿ. ನನಗೆ ಎಲ್ಲದಕ್ಕಿಂತ ಇಷ್ಟವಾದದ್ದು ಇದೇ. ಹೊಳೆಯುವ ಸ್ಟೀಲ್ ಲೋಟಕ್ಕೆ ಕೋಣೆಯ ಉಷ್ಣತೆಯ ನೀರು ಹಾಕಿ, ಥರ್ಮಾಮೀಟರ್ ಇಳಿಬಿಡಿ. ಐಸನ್ನು ಚೂರು ಚೂರೇ ಹಾಕುತ್ತಾ ಕಲಕಿ. ಲೋಟದ ಹೊರಮೈ ಹೊಳಪು ಕಳೆದುಕೊಂಡು ಮಬ್ಬಾಗುವ ಕ್ಷಣದ ಉಷ್ಣತೆ ಬರೆದುಕೊಳ್ಳಿ. ಲೋಟದ ಮೇಲೆ ಯಾರೂ ಉಸಿರು ಬಿಡಬಾರದು. ಆ ಉಷ್ಣತೆಗೆ ಇಬ್ಬನಿ ಬಿಂದು ಅನ್ನುತ್ತಾರೆ. ಹೊರಗೆ ಕಂಡ ನೀರು ಲೋಟದಿಂದ ಒಸರಿದ್ದು ಅಂತ ಯಾವ ಮಗುವಾದರೂ ಅಂದರೆ, ಮುಚ್ಚಳ ಹಾಕಿದ ತಣ್ಣನೆಯ ಲೋಟವನ್ನು ಸೂಕ್ಷ್ಮ ತಕ್ಕಡಿಯ ಮೇಲಿಡಿ. ಹನಿ ಕಟ್ಟುತ್ತಾ ತೂಕ ಏರುತ್ತದೆ. ಒಸರಿದ್ದಾದರೆ ಏರಬಾರದಿತ್ತು.

ಈ ಅಳತೆಯನ್ನು ಮಧ್ಯಾಹ್ನದ ಹೊತ್ತು, ಹತ್ತಿಯಂಥ ಬಿಡಿ ಮೋಡಗಳಿರುವ ದಿನ, ಹೊರಗೆ ನೆರಳಿನಲ್ಲಿ ಮಾಡಿ. ಗಾಳಿಯ ಉಷ್ಣತೆಯಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿ. ಗಾಳಿ 30 ಡಿಗ್ರಿ, ಇಬ್ಬನಿ ಬಿಂದು 22 ಡಿಗ್ರಿ ಇದ್ದರೆ 8ನ್ನು 125ರಿಂದ ಗುಣಿಸಿದಾಗ 1000. ತಲೆಯ ಮೇಲಿನ ಮೋಡದ ತಳ ನೆಲದಿಂದ ಸುಮಾರು 1000 ಮೀಟರ್ ಎತ್ತರದಲ್ಲಿದೆ ಅಂತ ಅರ್ಥ. ಏರುವ ಗಾಳಿ 100 ಮೀಟರಿಗೆ 1 ಡಿಗ್ರಿಯಂತೆ ತಣ್ಣಗಾದರೆ, ಅದರ ಇಬ್ಬನಿ ಬಿಂದು 0.2 ಡಿಗ್ರಿಯಷ್ಟು ಇಳಿಯುತ್ತದೆ. ಎರಡರ ಅಂತರ 100 ಮೀಟರಿಗೆ 0.8 ಡಿಗ್ರಿ ಕುಗ್ಗುತ್ತದೆ, 125 ಬಂದದ್ದು ಅಲ್ಲಿಂದ. ಇದು ನೆಲದಿಂದ ಎದ್ದ ಗಾಳಿಯಲ್ಲಿ ಹುಟ್ಟಿದ ಮೋಡಕ್ಕೆ ಮಾತ್ರ ಹೊಂದುವ ಲೆಕ್ಕ. ಆಕಾಶವೆಲ್ಲ ಹಾಸಿಕೊಂಡ ಬೂದು ಮೋಡಕ್ಕೂ, ತುಂಬಾ ಎತ್ತರದ ಗರಿಯಂಥ ಮೋಡಕ್ಕೂ ಇದನ್ನು ಹಚ್ಚಬೇಡಿ.